ಆಚಾರ್ರ ರೌಟರ್ ಮತ್ತು ಹಲಸಿನ ಬಾಗಿಲು

ಸಾಗರ ಎಂದರೆ ಗುಡಿಗಾರರ ಗಂಧದ ಕೆತ್ತನೆ ನೆನಪಾಗುತ್ತದೆ. ಅದರ ಬಗ್ಗೆ ಬರೆದವರು ಬಹಳ. ಅದೇ ಸೀಮೆಯಲ್ಲಿ ಬಾಗಿಲು, ಕಿಟಕಿ, ಮಂಚ ಮಾಡಿಕೊಂಡಿರುವ ಆಚಾರ್ರ ಕಡೆ ಕ್ಯಾಮೆರಾ ತಿರುಗುವುದು ಕಡಿಮೆ. ಪೇಟೆಯಿಂದ ತುಸು ಹೊರಗಿರುವ ಒಂದು ಹೆಂಚಿನ ಮಾಡಿನ ಕೆಲಸದ ಮನೆಗೆ ನಾನು ಹೋದದ್ದು ಹಲಸಿನ ಬಾಗಿಲು ನೋಡಲಿಕ್ಕೆ. ಆದರೆ ಕಣ್ಣು ನಿಂತದ್ದು ಮೂಲೆಯ ಗೋಣಿಚೀಲದ ಮೇಲೆ. ಅದರ ತುಂಬ ಗೇಣುದ್ದದ ಮರದ ತುಂಡುಗಳು. ಒಂದೊಂದರ ತುದಿಯೂ ಇಲಿ ಕಚ್ಚಿದ ಹಾಗೆ ಹರಿದಿತ್ತು.

‘ಅವೆಲ್ಲ ಬಾಗಿಲಿನ ಬದಲು ಪೆಟ್ಟು ತಿಂದವು’ ಎಂದರು ಆಚಾರ್ರು. ವಯಸ್ಸು ಎಪ್ಪತ್ತರ ಹತ್ತಿರ. ಕಿವಿಯ ಮೇಲೊಂದು ಪೆನ್ಸಿಲ್, ಕೈಯಲ್ಲಿ ರೌಟರ್.

ಈ ಯಂತ್ರ ನೋಡದವರಿಗೆ ಒಂದು ಮಾತು. ಮೋಟಾರಿನ ತುದಿಗೆ ಬೆರಳು ಗಾತ್ರದ ಬ್ಲೇಡು ಸಿಕ್ಕಿಸಿದ ಸಾಧನ ಇದು. ಸಣ್ಣ ಟ್ರಿಮ್ಮರ್ ಆದರೆ ನಿಮಿಷಕ್ಕೆ 30,000 ಸುತ್ತಿನವರೆಗೂ ತಿರುಗುತ್ತದೆ. ಮರದ ಅಂಚಿಗೆ ದುಂಡು, ಅಲೆ, ಮೆಟ್ಟಿಲು, ಬೇಕಾದ ಆಕಾರ ಕೊಡುತ್ತದೆ. ನಡುವೆ ಗಾಡಿ, ಅಂದರೆ ಕಾಲುವೆಯಂಥ ತೋಡು, ಹೊಡೆಯುವುದೂ ಇದರಲ್ಲೇ. ಅಮೆರಿಕದ ಸಿರಾಕ್ಯೂಸ್ ಊರಿನ ಆರ್.ಎಲ್. ಕಾರ್ಟರ್ ಎಂಬಾತ ಮೊದಲ ಮಹಾಯುದ್ಧದ ಹೊತ್ತಿಗೆ ಕೂದಲು ಕತ್ತರಿಸುವ ವಿದ್ಯುತ್ ಕ್ಲಿಪ್ಪರಿನ ಮೋಟಾರಿನಿಂದ ಇದನ್ನು ಹುಟ್ಟುಹಾಕಿದ ಎನ್ನುತ್ತಾರೆ. 1929ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ಉದ್ಯಮವನ್ನು ಕೊಂಡಿತು. ಕ್ಷೌರದ ಅಂಗಡಿಯಿಂದ ಬಡಗಿಯ ಕೈಗೆ ಬಂದ ಯಂತ್ರ ಎಂದಾಗ ಆಚಾರ್ರು ಜೋರಾಗಿ ನಕ್ಕರು. ಅವರ ಇತಿಹಾಸ ಬೇರೆ. ಅಪ್ಪನ ಕಾಲದಲ್ಲಿ ಅಂಚಿನ ಒಂದೊಂದು ಆಕಾರಕ್ಕೂ ಒಂದೊಂದು ಹತ್ತರಿ ಇತ್ತಂತೆ. ಈಗ ಅವು ಗೋಡೆಯ ಮೊಳೆಗಳಲ್ಲಿ ತೂಗುತ್ತಿವೆ, ಕೆಲವಕ್ಕೆ ಅಲಗಿಲ್ಲ. ‘ಹತ್ತರಿ ನಿಧಾನ. ಮರ ಬೇಡ ಅಂದ್ರೆ ಕೈಗೆ ಗೊತ್ತಾಗ್ತದೆ. ಇದು ಹೇಳಿ ಮುಗಿಸೋದರೊಳಗೆ ಕಿತ್ತು ಆಗಿರ್ತದೆ.’

ಕಿತ್ತು ಬರುವುದೇ ಈ ಕಸುಬಿನ ದೊಡ್ಡ ತಲೆನೋವು. ಬ್ಲೇಡು ಮರದೊಳಗಿಂದ ಹೊರಗೆ ಬರುವ ಜಾಗದಲ್ಲಿ ಎಳೆಗಳಿಗೆ ಹಿಂದಿನಿಂದ ಆಸರೆ ಇರುವುದಿಲ್ಲ. ಕತ್ತರಿಸಿಕೊಳ್ಳುವ ಬದಲು ಅವು ಸೀಳಿ, ಸಿಬಿರೆದ್ದು, ಕೆಲವೊಮ್ಮೆ ಉಗುರಗಲದ ಚಕ್ಕೆಯಾಗಿ ಹಾರುತ್ತವೆ. ಹಲಸು, ಬೀಟೆಯಂಥ ಮರಗಳಲ್ಲಿ ಎಳೆ ಒಂದು ಪದರದಲ್ಲಿ ಇತ್ತ ವಾಲಿದರೆ ಮುಂದಿನದರಲ್ಲಿ ಅತ್ತ ವಾಲಿರುತ್ತದೆ. ಯಾವ ಕಡೆಯಿಂದ ಹೋದರೂ ಎಲ್ಲೋ ಒಂದೆಡೆ ಎದುರು ಬೀಳಲೇಬೇಕು.

ಗೋಣಿಚೀಲದ ತುಂಡುಗಳಿಗೆ ಕೆಲಸ ಬರುವುದು ಇಲ್ಲಿ. ಹಲಗೆಯ ಅಡ್ಡ ತುದಿಯಲ್ಲಿ ಎಳೆಗಳ ಕೊನೆ ತೆರೆದಿರುತ್ತದೆ. ಅಲ್ಲಿ ರೌಟರ್ ಓಡಿ ಮೂಲೆಗೆ ಬಂದಾಗ ಮೂಲೆಯೇ ಹಾರಿಹೋಗುತ್ತದೆ. ಹಾಗಾಗಿ ಮೂಲೆಯ ಆಚೆ ಒಂದು ರದ್ದಿ ತುಂಡನ್ನು ಸಂದಿಲ್ಲದಂತೆ ಕ್ಲಾಂಪಿನಲ್ಲಿ ಬಿಗಿಯುತ್ತಾರೆ. ಬ್ಲೇಡು ಬಾಗಿಲನ್ನು ದಾಟಿ ತುಂಡಿನೊಳಕ್ಕೆ ಹೋಗಿ ಅದನ್ನು ಹರಿಯುತ್ತದೆ, ಬಾಗಿಲಿನ ಮೂಲೆ ಚೂಪಾಗಿ ಉಳಿಯುತ್ತದೆ. ಎರಡೂ ತುದಿ ಹಾಳಾಗುವ ತನಕ ಆ ತುಂಡನ್ನು ಮನೆಯವರು ಒಲೆಗೆ ಒಯ್ಯುವಂತಿಲ್ಲ. ಇದು ಮನೆಯ ಕಾನೂನು. ಬಚ್ಚಲ ಒಲೆಗೆ ಸೌದೆ ಸಾಲದ ಮಳೆಗಾಲದಲ್ಲಿ ಇದರಿಂದಲೇ ಜಗಳವಾಗುತ್ತದಂತೆ.

ತುಂಡು ಕಟ್ಟಲು ಜಾಗವಿಲ್ಲದಾಗ ಅನುಕ್ರಮ ಕೈ ಹಿಡಿಯುತ್ತದೆ. ನಾಲ್ಕೂ ಅಂಚಿಗೆ ಡಿಸೈನ್ ಬೇಕಾದರೆ ಅಡ್ಡ ತುದಿಗಳು ಮೊದಲು, ಉದ್ದದ ಅಂಚುಗಳು ಆಮೇಲೆ. ಅಡ್ಡಕ್ಕೆ ಹೊಡೆದಾಗ ಮೂಲೆಯಲ್ಲಿ ಒಂದಿಷ್ಟು ಕಿತ್ತರೂ ಉದ್ದಕ್ಕೆ ಹೊಡೆಯುವಾಗ ಆ ಭಾಗವೇ ಹೋಗಿಬಿಡುತ್ತದೆ. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಉಲ್ಟಾ ಮಾಡಿ ಕೆಡಿಸಿದ ಹುಡುಗರನ್ನು ಆಚಾರ್ರು ಬೆರಳು ಮಡಿಸಿ ಎಣಿಸುತ್ತಾರೆ.

ದಿಕ್ಕಿನ ವಿಷಯವೂ ಇದೆ. ಮೇಲಿನಿಂದ ನೋಡಿದರೆ ಬ್ಲೇಡು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ನಮ್ಮ ಕಡೆಯ ಅಂಚಿನಲ್ಲಿ ಎಡದಿಂದ ಬಲಕ್ಕೆ ತಳ್ಳುವುದೇ ಸರಿ. ಆಗ ಯಂತ್ರ ಎದುರಿಗೆ ಒತ್ತುತ್ತಿರುತ್ತದೆ, ಕೈಯ ಹಿಡಿತದಲ್ಲಿರುತ್ತದೆ. ಬಲದಿಂದ ಎಡಕ್ಕೆ ಹೋದರೆ ಹಲ್ಲು ಹೊರಗಿನಿಂದ ಒಳಗೆ ಒತ್ತುವುದರಿಂದ ಸಿಬಿರೇಳುವುದಿಲ್ಲ, ಆದರೆ ಯಂತ್ರ ತಾನೇ ಓಡಲು ನೋಡುತ್ತದೆ. ಹಟಮಾರಿ ಜಾಗದಲ್ಲಿ ಆಚಾರ್ರು ಹಾಗೆಯೂ ಹೋಗುತ್ತಾರೆ, ಕೂದಲೆಳೆಯಷ್ಟೇ ತೆಗೆಯಲು, ಎರಡೂ ಕೈಯಲ್ಲಿ ಬಿಗಿ ಹಿಡಿದು. ನನಗೆ ಅದನ್ನು ಮುಟ್ಟಲು ಕೊಡಲಿಲ್ಲ, ಕೊಡದಿದ್ದದ್ದೇ ಒಳ್ಳೆಯದು.

ಉಳಿದದ್ದನ್ನು ಅವರು ಕೆಲಸ ಮಾಡುತ್ತಲೇ ಹೇಳಿದರು. ಹನ್ನೆರಡು ಮಿಲಿಮೀಟರ್ ಆಳವನ್ನು ಒಂದೇ ಸಲ ತೆಗೆಯಬಾರದು, ಮೂರು ನಾಲ್ಕು ಬಾರಿ ಇಳಿಸಬೇಕು, ಕೊನೆಯದಕ್ಕೆ ಅರ್ಧ ಮಿಲಿಮೀಟರ್ ಸಾಕು. ಅಡ್ಡ ಗಾಡಿ ಹೊಡೆಯುವ ಮುಂಚೆ ಗೆರೆಯ ಮೇಲೆ ಚಾಕು ಎಳೆದರೆ ಮೇಲಿನ ಎಳೆ ಮೊದಲೇ ತುಂಡಾಗಿರುತ್ತದೆ. ಮೊಂಡು ಬ್ಲೇಡು ಕತ್ತರಿಸುವುದಿಲ್ಲ, ಕೀಳುತ್ತದೆ, ಜೊತೆಗೆ ಮರವನ್ನು ಸುಡುತ್ತದೆ. ಹಳೆ ಮನೆಯ ತೊಲೆ ಕೊಯ್ದು ಬಾಗಿಲು ಮಾಡಿಸುವವರು ಒಳಗಿನ ಮೊಳೆಯನ್ನೂ ಕೊಡುತ್ತಾರೆ. ಒಂದು ಮೊಳೆ ತಗುಲಿದರೆ ಬ್ಲೇಡಿನ ಹಲ್ಲು ಮುಗಿಯಿತು. ಆ ಲೆಕ್ಕವನ್ನು ಗಿರಾಕಿಗೆ ಹೇಳಲು ಇವರಿಗೆ ನಾಚಿಕೆ.

ಗಿರಾಕಿಗಳೂ ಮೊದಲಿನಷ್ಟಿಲ್ಲ. ಪೇಟೆಯಲ್ಲಿ ರೆಡಿಮೇಡ್ ಬಾಗಿಲು ಬೆಳಿಗ್ಗೆ ಆರಿಸಿದರೆ ಸಂಜೆ ಮನೆಗೆ ಬರುತ್ತದೆ. ಹಲಗೆ ಒಣಗಲು ತಿಂಗಳುಗಟ್ಟಲೆ ಕಾಯಿರಿ ಎಂದರೆ ಗೃಹಪ್ರವೇಶದ ಮುಹೂರ್ತ ಕಾಯುವುದಿಲ್ಲ. ಹೊಸ ಮನೆಗಳ ಎದುರು ಬಾಗಿಲೊಂದನ್ನಾದರೂ ಊರಿನ ಆಚಾರ್ರಿಂದ ಮಾಡಿಸುವ ರೂಢಿ ಉಳಿದರೆ ಈ ಮನೆಯಲ್ಲಿ ಇನ್ನೂ ಕೆಲವು ವರ್ಷ ಮೋಟಾರಿನ ಸದ್ದು ಇರುತ್ತದೆ ಎಂದು ನನಗನ್ನಿಸಿತು. ಅವರು ಹಾಗೆ ಕೇಳಲಿಲ್ಲ, ಇದು ನನ್ನ ಮಾತು.

ಇವರ ಹತ್ತಿರ ಕೆಲಸ ಕಲಿತ ತಮ್ಮನ ಮಗ ಬೆಂಗಳೂರಿನಲ್ಲಿ ಮಾಡ್ಯುಲರ್ ಅಡುಗೆಮನೆ ಮಾಡುವಲ್ಲಿದ್ದಾನೆ. ಅಲ್ಲಿ ಎಲ್ಲ ಎಂಡಿಎಫ್. ಮರವನ್ನು ನಾರುನಾರಾಗಿ ಬಿಡಿಸಿ ಅಂಟಿನಲ್ಲಿ ಒತ್ತಿದ ಹಲಗೆಗೆ ಎಳೆಯೇ ಇಲ್ಲ, ಯಾವ ಕಡೆಯಿಂದ ಹೊಡೆದರೂ ಒಂದೇ. ಸಂಬಳ ತಿಂಗಳ ಮೊದಲ ವಾರ ಬರುತ್ತದೆ, ಭಾನುವಾರ ರಜೆ. ಹಬ್ಬಕ್ಕೆ ಬಂದಾಗ ಅವನು ದೊಡ್ಡಪ್ಪನಿಗೆ ಒಂದು ಹೊಸ ಬ್ಲೇಡು ತಂದುಕೊಟ್ಟ. ಒಳ್ಳೆಯ ಬ್ಲೇಡು, ಹರಿತ ಚೆನ್ನಾಗಿದೆ ಎಂದು ಆಚಾರ್ರು ಎರಡು ಸಲ ಹೇಳಿದರು. ಅದನ್ನು ಹಾಕಿ ಹೊಡೆಯುವಂಥ ಮರದ ಆರ್ಡರು ಆಮೇಲೆ ಬಂದಿಲ್ಲ.