ಕೆಳದಿಯಿಂದ ಕವಲೇದುರ್ಗಕ್ಕೆ: ಮಕ್ಕಳೊಡನೆ ಒಂದು ರಾಜಮಾರ್ಗ

ದಸರಾ ರಜೆ ಬಂತೆಂದರೆ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಗಳಿಂದ ಮಲೆನಾಡಿಗೆ ಹೊರಡುವ ಕಾರುಗಳ ಪಟ್ಟಿ ಹೆಚ್ಚುಕಡಿಮೆ ಒಂದೇ: ಜೋಗ, ಸಿಗಂದೂರು, ಕೊಡಚಾದ್ರಿ, ಆಗುಂಬೆಯ ಸೂರ್ಯಾಸ್ತ, ಹೊತ್ತು ಮಿಕ್ಕಿದರೆ ಶೃಂಗೇರಿ. ಎರಡು ದಿನದಲ್ಲಿ ಇಷ್ಟೂ ಮುಗಿಯಬೇಕು. ದೊಡ್ಡವರಿಗೆ ಇದು ಹೇಗೋ ನಡೆದೀತು. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಪಾಲಿಗೆ ಮಾತ್ರ ತಿರುವು, ವಾಂತಿ, ಕಂಬಿ ಹಿಡಿದು ನಿಂತು ಒಂದು ಫೋಟೋ, ಮತ್ತೆ ತಿರುವು. ಎರಡನೇ ಜಲಪಾತದ ಹೊತ್ತಿಗೆ ಅವರು ಮೊಬೈಲು ಕೇಳತೊಡಗಿರುತ್ತಾರೆ.

ನೋಟ ಮಕ್ಕಳಿಗೆ ಬೇಗ ಸಾಕಾಗುತ್ತದೆ, ಕಥೆ ಸಾಕಾಗುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅದೃಷ್ಟವೆಂದರೆ ಮೂರನ್ನೂ ಪೋಣಿಸುವ ಕಥೆಯೊಂದು ಇಲ್ಲಿ ಸಿದ್ಧವಾಗಿಯೇ ಇದೆ. 1499ರಿಂದ 1763ರವರೆಗೆ ಈ ಸೀಮೆಯನ್ನು ಆಳಿದ ಕೆಳದಿ ನಾಯಕರ ಮೊದಲ ರಾಜಧಾನಿ ಕೆಳದಿ, ಎರಡನೆಯದು ಇಕ್ಕೇರಿ. ಎರಡೂ ಸಾಗರದ ಮಗ್ಗುಲಲ್ಲೇ ಇವೆ. ಮೂರನೆಯದು ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. ಕಾಡಿನ ನಡುವೆ ಅವರು ನೆಚ್ಚಿಕೊಂಡಿದ್ದ ಗಿರಿದುರ್ಗ ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿಗೆ ಸೇರುತ್ತದೆ. ಅರಸರು ಗಂಟುಮೂಟೆ ಕಟ್ಟಿಕೊಂಡು ಹೋದ ದಾರಿಯಲ್ಲೇ ನಾವೂ ಹೋದರಾಯಿತು. ಮೂರು ದಿನ ಇದ್ದರೆ ಆತುರವಿಲ್ಲ. ಬೆಂಗಳೂರಿನವರು ತಾಳಗುಪ್ಪದ ರಾತ್ರಿ ರೈಲಿನಲ್ಲಿ ಮಲಗಿ ಬೆಳಿಗ್ಗೆ ಸಾಗರದಲ್ಲಿ ಇಳಿಯಬಹುದು. ಮಕ್ಕಳಿಗೆ ರೈಲಿನ ಮೇಲಿನ ಬರ್ತ್ ಸಿಕ್ಕಿತೆಂದರೆ ಅರ್ಧ ರಜೆ ಅಲ್ಲೇ ಸಾರ್ಥಕ.

ಕೆಳದಿಯ ಕಥೆ ಶುರುವಾಗುವುದು ಹಸುವಿನಿಂದ. ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರು. ಅವರ ದನಗಳಲ್ಲಿ ಒಂದು ದಿನಾ ಹುತ್ತದ ಮೇಲೆ ಹಾಲು ಸುರಿಸಿ ಬರುತ್ತಿತ್ತಂತೆ. ಅಗೆದು ನೋಡಿದರೆ ಲಿಂಗ. ಮುಂದೆ ಹೊಲದಲ್ಲಿ ಕತ್ತಿಯೂ ನಿಧಿಯೂ ಸಿಕ್ಕವು ಎನ್ನುತ್ತದೆ ಐತಿಹ್ಯ. ಆ ಲಿಂಗವೇ ರಾಮೇಶ್ವರ ಎಂಬ ನಂಬಿಕೆ. ದೇಗುಲದಲ್ಲಿ ಮಕ್ಕಳ ತಲೆ ಮೇಲಕ್ಕೆತ್ತಿಸಿ. ವೀರಭದ್ರ ಗುಡಿಯ ಚಾವಣಿಯಲ್ಲಿ ಎರಡು ತಲೆಯ ಗಂಡಭೇರುಂಡವಿದೆ. ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಇದನ್ನು ದಿನವೂ ಕಂಡಿರುತ್ತಾರೆ, ಕಲ್ಲಿನಲ್ಲಿ ಕಂಡಿರುವುದಿಲ್ಲ. ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಕಟ್ಟುಗಳೂ ನಾಣ್ಯ, ಆಯುಧಗಳೂ ಇವೆ. ರಾಣಿ ಚೆನ್ನಮ್ಮನ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ: ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮ ಇವಳ ನಾಡಿಗೆ ಬಂದ, ಇವಳು ಆಸರೆ ಕೊಟ್ಟು ಸಾಗಹಾಕಿದ್ದಲ್ಲದೆ ಮೊಘಲರನ್ನೂ ಎದುರಿಸಿದಳು. ಶಾಲೆಯ ಪುಸ್ತಕದಲ್ಲಿ ಕಿತ್ತೂರು ಚೆನ್ನಮ್ಮನೊಂದಿಗೆ ಇವಳನ್ನು ಕಲಸಿಕೊಂಡ ಮಕ್ಕಳೇ ಹೆಚ್ಚು. ಇಬ್ಬರ ನಡುವೆ ನೂರು ವರ್ಷಕ್ಕೂ ಮೀರಿದ ಅಂತರವಿದೆ ಎಂಬುದು ಇಲ್ಲಿ ತಿಳಿಯಲಿ.

ಇಕ್ಕೇರಿಯ ಅಘೋರೇಶ್ವರ ದೇಗುಲಕ್ಕೆ ಒಂದು ಟೇಪು ಒಯ್ಯಿರಿ. ತಮಾಷೆಯಲ್ಲ. ಈ ದೇಗುಲದ ಮಧ್ಯದ ಕಂಬಗಳ ನಡುವಿನ ಅಂತರವೇ ತೋಟದ ಜಮೀನಿಗೆ ಅಳತೆಯ ಮಾನವಾಗಿತ್ತೆಂದು ಹಳೆಯ ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ. ಆ ಅಳತೆಯ ಗಳು 18 ಅಡಿ 6 ಅಂಗುಲ. ಒಂದು ಮರಕ್ಕೆ ಬಿಡಬೇಕಾದ ಜಾಗ ಅಷ್ಟು, ಅದರ ಹೆಸರು ದಾಯ. ದೇವರ ಮನೆಯಲ್ಲೇ ಅಳತೆಗೋಲು ಇಟ್ಟ ಮೇಲೆ ಶಾನುಭೋಗ ತಕರಾರು ತೆಗೆಯುವಂತಿಲ್ಲ, ರೈತನೂ ತೆಗೆಯುವಂತಿಲ್ಲ! ಮಕ್ಕಳು ಮೊದಲು ಹೆಜ್ಜೆಯಲ್ಲಿ ಎಣಿಸಲಿ, ಆಮೇಲೆ ಟೇಪು ಬಿಚ್ಚಲಿ. ಹಾಗೇ ಗರ್ಭಗುಡಿಯೆದುರಿನ ನೆಲ ನೋಡಿ: ಮೂವರು ಅರಸರು ದೇವರಿಗೆ ಅಡ್ಡಬಿದ್ದಂತೆ ಕೆತ್ತಿ, ಹೆಸರನ್ನೂ ಬರೆದಿದ್ದಾರೆ. ಒಬ್ಬನ ಕೈಕಾಲಿಗೆ ಬೇಡಿ. ಅವನು ಹುಚ್ಚ ಸೋಮಶಂಕರ ಎಂದು ಗ್ಯಾಸೆಟಿಯರ್ ಗುರುತಿಸುತ್ತದೆ. ದೊರೆಗೆ ಬೇಡಿ ಹಾಕಿದವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರವನ್ನು ಅಪ್ಪ ಅಮ್ಮಂದಿರು ಮೊದಲೇ ಓದಿಕೊಂಡು ಹೋಗಲಿ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸರ ನಿಯೋಗದ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ನಿಂತು ನೋಡಿದ. ಮೇಷ್ಟ್ರು ಇರಲಿಲ್ಲ. ನೆಲಕ್ಕೆ ಮರಳು ಹರವಿಕೊಂಡು, ಒಬ್ಬ ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯುವುದು, ಉಳಿದವರು ಅದನ್ನೇ ಹಾಡುತ್ತ ಬರೆಯುವುದು. ಮರಳು ತುಂಬಿದರೆ ಅಳಿಸಿ ಮತ್ತೆ ಮೊದಲಿನಿಂದ. ಕಾಗದ ಖರ್ಚಾಗದ ಈ ಪಾಠ ಅವನಿಗೆ ಬಹಳ ಹಿಡಿಸಿತು, ಬರೆದಿಟ್ಟ. ಹೋಂಸ್ಟೇ ಅಂಗಳದಲ್ಲಿ ಸಂಜೆ ಹೊತ್ತಿಗೆ ಮಗ್ಗಿ ಹೇಳಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಸಾಗರದಲ್ಲಿ ಇದ್ದಾಗಲೇ ಹೆಗ್ಗೋಡಿಗೆ ಅರ್ಧ ದಿನ ಕೊಡಿ. 1949ರಲ್ಲಿ ಹುಟ್ಟಿದ ನೀನಾಸಮ್ ಇರುವ ಊರು. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತಂದುಕೊಟ್ಟ ಈ ಹಳ್ಳಿಯಲ್ಲಿ ಸಂಜೆ ನಾಟಕವಿದ್ದರೆ ಬಿಡಬೇಡಿ. ರಂಗಮಂದಿರಕ್ಕೆ ಮೊದಲು ಫೋನಾಯಿಸಿ ವಿಚಾರಿಸುವುದು ಒಳ್ಳೆಯದು. ಪಕ್ಕದ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರಿ ಸಂಘವಿದೆ. ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ್ದು. ಕೈಮಗ್ಗದ ಲಾಳಿ ಅತ್ತಿಂದಿತ್ತ ಓಡುವುದನ್ನು ಕಂಡ ಮಗು ತನ್ನ ಅಂಗಿಯ ನೂಲನ್ನು ಒಮ್ಮೆ ಹಿಡಿದು ನೋಡದೆ ಇರದು. ಇಲ್ಲಿನ ಬಟ್ಟೆಯ ಕೆಂಗಂದು ಬಣ್ಣ ಬರುವುದು ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ. ತೋಟದಲ್ಲಿ ಅಡಿಕೆ ಮರ, ಅಂಗಳದ ಹಂಡೆಯಲ್ಲಿ ಚೊಗರು, ಮಗ್ಗದಲ್ಲಿ ಬಣ್ಣ: ಮೂರನ್ನೂ ಒಂದೇ ದಿನ ಕಾಣಬಹುದಾದ ಜಾಗಗಳು ಹೆಚ್ಚಿಲ್ಲ.

ಜೋಗದ ಬಗ್ಗೆ ಹೆಚ್ಚೇನು ಹೇಳುವುದು? 253 ಮೀಟರು ಬೀಳುವ ನೀರು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತದೆ. ಒಂದು ಮಾತು ಮಾತ್ರ: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ರಾಜಾ, ರಾಣಿ, ರೋರರ್, ರಾಕೆಟ್‌ಗಳ ಅಬ್ಬರ ಮಳೆಗಾಲದ ಮಾತು. ಏಪ್ರಿಲಿನಲ್ಲಿ ಹೋಗಿ ನಲ್ಲಿಯಂತೆ ಸುರಿಯುತ್ತದೆ ಎಂದು ಮುಖ ಸಣ್ಣದು ಮಾಡಿಕೊಳ್ಳಬೇಡಿ. ಸಿಗಂದೂರಿನ ದಾರಿಯಲ್ಲಿ ಬಸ್ಸು, ಕಾರು, ಜನ ಎಲ್ಲವನ್ನೂ ಹೊತ್ತು ಶರಾವತಿ ಹಿನ್ನೀರು ದಾಟುತ್ತಿದ್ದ ಲಾಂಚು ಮಕ್ಕಳಿಗೆ ದೇವಸ್ಥಾನಕ್ಕಿಂತ ದೊಡ್ಡ ಆಕರ್ಷಣೆಯಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಪ್ರವಾಸಿಗರಿಗೆ ಒಂದು ಮೋಜು ಕಳೆಯಿತು, ನಿಜ. ಆದರೆ ಅಣೆಕಟ್ಟಿಗೆ ನೆಲ ಬಿಟ್ಟುಕೊಟ್ಟು, ಆರು ದಶಕ ನಡುರಾತ್ರಿಯ ಹೆರಿಗೆಗೂ ಲಾಂಚಿನ ಹೊತ್ತು ಕಾಯಬೇಕಾಗಿದ್ದ ಆಚೆ ದಡದ ತುಮರಿ ಸೀಮೆಯವರ ಎದುರು ಆ ಕೊರಗು ತೋಡಿಕೊಳ್ಳದಿರುವುದೇ ಲೇಸು. ನೀರಿನ ಆಟ ಬೇಕೆಂದರೆ ಅದೇ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಲೈಫ್ ಜಾಕೆಟ್ ತೊಡಿಸಿ ಕಯಾಕ್, ತೆಪ್ಪ ಕಲಿಸುತ್ತಾರೆ.

ಹೊಸನಗರದ ಕಡೆ ತಿರುಗಿದರೆ ಕಥೆಯ ಎರಡನೇ ಅಂಕ. ಬಿಜಾಪುರದ ದಾಳಿಯ ಏಟು ತಿಂದ ಮೇಲೆ 1639ರ ಸುಮಾರಿಗೆ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಬಂತು. 1645ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪ ನಾಯಕ ಭೂಮಿ ಅಳೆಸಿ ಕಂದಾಯ ನಿಗದಿ ಮಾಡಿಸಿದ್ದಕ್ಕೆ ಶಿಸ್ತು ಎಂದೇ ಹೆಸರು ನಿಂತಿತು. ಕರಾವಳಿಯ ಬಂದರುಗಳಿಂದ ಅಕ್ಕಿ, ಮೆಣಸು ಹಡಗೇರುತ್ತಿದ್ದ ಕಾಲ. ಘಟ್ಟದ ನೆತ್ತಿಯ ಬಿದನೂರು ಆ ವ್ಯಾಪಾರದ ಬಾಗಿಲಾಗಿತ್ತು. ರಸ್ತೆಬದಿಯ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ತೋರಿಸಿ, ಇದಕ್ಕಾಗಿಯೇ ಪೋರ್ಚುಗೀಸರು ಸಮುದ್ರ ದಾಟಿ ಬಂದದ್ದು ಎಂದರೆ ಮಕ್ಕಳು ಒಂದು ಕಾಳು ಕಚ್ಚಿ ನೋಡುತ್ತಾರೆ, ಆಮೇಲೆ ನೀರು ಕೇಳುತ್ತಾರೆ. 1763ರಲ್ಲಿ ಹೈದರಾಲಿ ಊರನ್ನು ಗೆದ್ದು ಹೈದರನಗರ ಎಂದು ಕರೆದ. ಹೈದರ್ ಉದುರಿಹೋಗಿ ನಗರ ಉಳಿಯಿತು.

ನಗರದ ಕೋಟೆ ರಸ್ತೆಗೆ ಅಂಟಿಕೊಂಡೇ ಇರುವುದರಿಂದ ಅಜ್ಜ ಅಜ್ಜಿಯರಿಗೂ ಹತ್ತಲು ಕಷ್ಟವಿಲ್ಲ. ಹತ್ತಿರದ ಬಸವನಬ್ಯಾಣದಲ್ಲಿ ದೇವಗಂಗೆಯ ಕೊಳಗಳಿವೆ. ಗುಡ್ಡದ ನೀರು ಬೇರೆಬೇರೆ ಆಕಾರದ ಕಲ್ಲಿನ ಕೊಳಗಳಿಗೆ ಹರಿದು ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಇಂಥ ಕಡೆ ಮಕ್ಕಳು ಎಲೆ ತೇಲಿಬಿಟ್ಟು ಗಂಟೆಗಟ್ಟಲೆ ಕೂರಬಲ್ಲರು, ದೊಡ್ಡವರೇ ಹೊರಡಿಸುವ ಅವಸರ ಮಾಡುವುದು. ನಾನಾದರೆ ಕೊಡಚಾದ್ರಿಯ ಜೀಪು ಬಿಟ್ಟು ಆ ಹೊತ್ತನ್ನು ಇಲ್ಲೇ ಕಳೆಯುತ್ತೇನೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಆ ಜೀಪಿನ ಕುಲುಕಾಟ ಶಿಕ್ಷೆಯೇ.

ಈ ದಾರಿಯ ಮುಕುಟ ಕವಲೇದುರ್ಗ. ಗದ್ದೆಯ ಅಂಚಿನಿಂದ ಹೊರಟ ದಾರಿ ಮರದ ನೆರಳಿಗೆ ಸೇರಿ, ಆಮೇಲೆ ಚಪ್ಪಡಿ ಹಾಸಿದ ಮೆಟ್ಟಿಲಾಗುತ್ತದೆ. ಮೊದಲ ಬಾಗಿಲಲ್ಲಿ ಕೋಟೆ ಮುಗಿಯಿತು ಎಂದುಕೊಂಡರೆ ಇನ್ನೊಂದು ಬಾಗಿಲು, ಅದಾದ ಮೇಲೆ ಮತ್ತೊಂದು. ಬೆಟ್ಟವನ್ನು ಸುತ್ತು ಸುತ್ತಾಗಿ ಬಿಗಿದ ಗೋಡೆಗಳು. ಸುಣ್ಣ ಗಾರೆಯ ಹಂಗಿಲ್ಲದೆ ಒಂದರ ಮೇಲೊಂದು ಕೂತ ದಪ್ಪ ಕಲ್ಲುಗಳು. ಬಾಗಿಲಿನ ಪಕ್ಕದ ಕಾವಲುಗಾರರ ಕೋಣೆಗಳಲ್ಲಿ ಮಕ್ಕಳು ಅಡಗಿ ಕೂತು ಹಿಂದೆ ಬರುವ ಅಪ್ಪನ ಮೇಲೆ ದಾಳಿ ಮಾಡುವುದಂತೂ ಖಂಡಿತ. ಕೋಟೆ ಕಟ್ಟಿದವರ ಲೆಕ್ಕಾಚಾರವೂ ಅದೇ ಆಗಿತ್ತಲ್ಲ! ಒಳಗೆ ಕಾಶಿ ವಿಶ್ವನಾಥನ ಗುಡಿ, ಕೆರೆ, ಅರಮನೆಯ ಬುನಾದಿ. ಅಲ್ಲಿ ಹುಡುಕಬೇಕಾದ್ದು ಅಡುಗೆಮನೆ. ಒಂದೇ ಬೆಂಕಿಗೆ ಐದು ಪಾತ್ರೆ ಇಡಬಹುದಾದ ಒಲೆ ನೆಲದಲ್ಲಿ ಇನ್ನೂ ಉಳಿದಿದೆ. ಸಿಂಹಾಸನ ಎಲ್ಲಿತ್ತೆಂದು ಯಾವ ಮಗುವೂ ಕೇಳುವುದಿಲ್ಲ. ಇದರ ಮೇಲೆ ಏನು ಬೇಯಿಸುತ್ತಿದ್ದರು ಎಂದು ಎಲ್ಲರೂ ಕೇಳುತ್ತಾರೆ. ಕಡುಬು ಎಂದು ಹೇಳಿ, ತಪ್ಪಾಗಲಿಕ್ಕಿಲ್ಲ. ತುದಿಯಲ್ಲಿ ಶ್ರೀಕಂಠೇಶ್ವರನ ಸಣ್ಣ ಗುಡಿ. ಅಲ್ಲಿಂದ ಪಶ್ಚಿಮಕ್ಕೆ ಘಟ್ಟದ ಸಾಲು, ಕೆಳಗೆ ವಾರಾಹಿಯ ಹಿನ್ನೀರು. ಮೇಲೆ ಅಂಗಡಿಯಿಲ್ಲ, ಆದ್ದರಿಂದ ನೀರು ಹೊತ್ತೇ ಹೋಗಬೇಕು. ಮಳೆಗಾಲದಲ್ಲಿ ಚಪ್ಪಡಿ ಪಾಚಿಗಟ್ಟಿ ಜಾರುತ್ತದೆ. ಹವಾಯಿ ಚಪ್ಪಲಿ ಬೇಡ.

ಅರಸರ ಮನೆ ನೋಡಿಯಾಯಿತು, ಒಕ್ಕಲಿನ ಮನೆ ಹೇಗಿತ್ತು? ಅದಕ್ಕೆ ಕುಪ್ಪಳಿಗೆ ಹೋಗಬೇಕು. ಕುವೆಂಪು ಬೆಳೆದ ತೊಟ್ಟಿ ಮನೆಯನ್ನು ಅವರ ಹೆಸರಿನ ಪ್ರತಿಷ್ಠಾನ ಕವಿಮನೆಯಾಗಿ ಕಾಪಾಡಿಕೊಂಡು ಬಂದಿದೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಮರದ ಕಂಬಗಳು, ಮೇಲೆ ಉಪ್ಪರಿಗೆ. ಕವಿಯ ಹಸ್ತಪ್ರತಿ, ಪ್ರಶಸ್ತಿಗಳ ಮುಂದೆ ದೊಡ್ಡವರು ನಿಂತಿರುವಾಗ ಮಕ್ಕಳು ಹಂಡೆ, ಕಡೆಗೋಲು, ಬೀಸುವ ಕಲ್ಲುಗಳ ಕಡೆ ಸರಿದಿರುತ್ತಾರೆ. ಸರಿಯಲಿ. ಕಿಂದರಿಜೋಗಿಯ ಕವಿ ಅವರು ಎಂದು ಹೇಳಿದರೆ ಸಾಕು, ಪರಿಚಯ ಆದಂತೆ. ಹಿಂದಿನ ಗುಡ್ಡದ ಕವಿಶೈಲ ಹತ್ತು ನಿಮಿಷದ ನಡಿಗೆ. 1994ರಲ್ಲಿ ಕುವೆಂಪು ಅವರ ಅಂತ್ಯಕ್ರಿಯೆ ನಡೆದದ್ದು ಅಲ್ಲೇ. ಬಂಡೆಯ ಮೇಲೆ ಬಿ.ಎಂ. ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಮೂವರ ಹೆಸರು ಕೆತ್ತಿರುವುದನ್ನು ಹುಡುಕುವುದು ಮಕ್ಕಳಿಗೆ ಒಪ್ಪುವ ಆಟ. ಗುರುಶಿಷ್ಯರು ಬಂಡೆಗೆ ಹೆಸರು ಬರೆದರೆ ಅದು ಸಾಹಿತ್ಯ ಚರಿತ್ರೆ, ನಾವು ಬರೆದರೆ ಕಿಡಿಗೇಡಿತನ. ಇದು ಅನ್ಯಾಯ ಎಂದು ಹತ್ತು ವರ್ಷದವರು ವಾದಿಸುತ್ತಾರೆ, ಅವರಿಗೆ ಕೊಡಲು ನನ್ನಲ್ಲಿ ಉತ್ತರವಿಲ್ಲ.

ತೀರ್ಥಹಳ್ಳಿಯ ಆಸುಪಾಸಿನಲ್ಲಿ ಇನ್ನೂ ಎರಡು ಸುಲಭದ ಜಾಗಗಳಿವೆ. ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಬಹುದು. ದೇವರ ಮೀನಾದ್ದರಿಂದ ಗಾಳ ಹಾಕುವಂತಿಲ್ಲ, ಅವು ಕೊಬ್ಬಿ ಗುಂಪು ಗುಂಪಾಗಿ ಬರುತ್ತವೆ. ಕುಂದಾದ್ರಿಯ ಪಾರ್ಶ್ವನಾಥ ಬಸದಿಯವರೆಗೆ ಕಾರೇ ಹತ್ತುತ್ತದೆ. ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣವನ್ನು ಮರಳುವಾಗ ನೋಡಿ. ಶಂಕರನಾಗ್ 1980ರ ದಶಕದಲ್ಲಿ ಆರ್.ಕೆ. ನಾರಾಯಣರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿ ಚಿತ್ರಿಸಿದಾಗ ಮಾಲ್ಗುಡಿ ನಿಲ್ದಾಣವಾದದ್ದು ಇದು. ರೈಲ್ವೆಯವರು ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಹೊರಡುವ ಮುನ್ನ ಮನೆಯಲ್ಲಿ ಆ ಧಾರಾವಾಹಿಯ ಪುಟ್ಟ ಹುಡುಗ ಸ್ವಾಮಿಯ ಒಂದೆರಡು ಕಂತು ತೋರಿಸಿದ್ದರೆ ಇಲ್ಲಿ ಮಕ್ಕಳೇ ನಿಮಗೆ ಗೈಡು.

ಉಳಿಯಲು ಹೋಟೆಲಿಗಿಂತ ತೋಟದ ಮನೆ ಮೇಲು. ನವೆಂಬರಿನಿಂದ ಮುಂದೆ ಅಡಿಕೆ ಕೊಯ್ಲು. ಕೊನೆಗಾರ ಮರದಿಂದ ಮರಕ್ಕೆ ತೂಗಿ ಹಾರುವುದನ್ನು ಕಂಡ ಮೇಲೆ ಯಾವ ಸರ್ಕಸ್ಸೂ ಸಪ್ಪೆ. ಜನವರಿ, ಫೆಬ್ರುವರಿಯಲ್ಲಿ ಸಿಕ್ಕರೆ ಆಲೆಮನೆ, ನೊರೆಬೆಲ್ಲ. ಊಟದಲ್ಲಿ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಇದ್ದರೆ ನೂಡಲ್ಸ್ ಕೇಳುವವರೂ ಸುಮ್ಮನಾಗುತ್ತಾರೆ.

ಎರಡು ಎಚ್ಚರಿಕೆ. ಮಳೆಗಾಲದ ಉಂಬಳಕ್ಕೆ ಹೆದರಬೇಕಿಲ್ಲ. ಉಪ್ಪು ಇಲ್ಲವೇ ಸುಣ್ಣ ಸೋಕಿಸಿದರೆ ಬಿಡುತ್ತದೆ, ರಕ್ತ ತುಸು ಹೊತ್ತು ಒಸರುತ್ತದೆ ಅಷ್ಟೆ. ಹೆದರಬೇಕಾದ್ದು ಬೇಸಿಗೆಯ ಉಣುಗಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ಮಕ್ಕಳನ್ನು ತರಗೆಲೆಯ ಕಾಡಿನೊಳಗೆ ಅಲೆಯಲು ಬಿಡಬೇಡಿ. ಮಂಗ ಸತ್ತ ಸುದ್ದಿ ಇರುವ ಕಡೆ ಕಾಲಿಡಬೇಡಿ. ಊರಿನವರನ್ನು ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ.

ಉಡುಪಿ, ಮಂಗಳೂರಿನ ಕಡೆಯವರು ಆಗುಂಬೆ ಘಾಟಿ ಹತ್ತಿ ಬಂದು ಇದೇ ದಾರಿಯನ್ನು ಉಲ್ಟಾ ಹಿಡಿಯಬಹುದು. ಆಗ ಕಥೆ ಹೈದರಾಲಿಯಿಂದ ಶುರುವಾಗಿ ಹುತ್ತದ ಮೇಲೆ ಹಾಲು ಕರೆಯುವ ಹಸುವಿಗೆ ಬಂದು ನಿಲ್ಲುತ್ತದೆ. ಸಣ್ಣ ಮಕ್ಕಳಿದ್ದರೆ ಅದೇ ವಾಸಿ. ಯುದ್ಧ ಮೊದಲೇ ಮುಗಿದಿರುತ್ತದೆ.