ಮೆಚ್ಚಿನ ಹಾಡನ್ನು ಹೇಳಲು ಅಂಜಿಕೆಯೇಕೆ?

‘ಲೋಕೋ ಭಿನ್ನರುಚಿಃ’ ಎಂಬ ಮಾತು ನಮ್ಮೆಲ್ಲರ ನಾಲಗೆಯ ಮೇಲಿದೆ. ಒಬ್ಬರಿಗೆ ಖಡಕ್ ರೊಟ್ಟಿ ಸೇರಿದರೆ ಇನ್ನೊಬ್ಬರಿಗೆ ಅನ್ನ, ಸಾರು ಸೇರುತ್ತದೆ. ಅದನ್ನು ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ. ಆದರೆ ನಾಲ್ಕು ಜನ ಕೂಡಿದಲ್ಲಿ, ‘ನಿಮಗೆ ಅತ್ಯಂತ ಪ್ರಿಯವಾದ ಹಾಡು ಯಾವುದು?’ ಎಂದು ಕೇಳಿ ನೋಡಿರಿ. ಕ್ಷಣಕಾಲ ಮೌನ ಕವಿಯುತ್ತದೆ. ಓದಿದವರು ಯಾವುದಾದರೊಂದು ರಾಗದ ಹೆಸರು ಹೇಳಿ ಪಾರಾಗುತ್ತಾರೆ. ಯುವಕರು ನಕ್ಕು ಮಾತು ತೇಲಿಸುತ್ತಾರೆ. ಹಿರಿಯ ತಾಯಂದಿರು ‘ನಮಗೇನು ತಿಳಿಯುತ್ತದೆ, ನೀವೇ ಹೇಳಿರಿ’ ಎಂದು ಸೆರಗು ಸರಿಪಡಿಸಿಕೊಳ್ಳುತ್ತಾರೆ. ನಿಜವಾಗಿ ಪ್ರಿಯವಾದ ಹಾಡು ಮಾತ್ರ ಎದೆಯಲ್ಲಿಯೇ ಉಳಿದುಬಿಡುತ್ತದೆ.

ಈ ಅಂಜಿಕೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ೧೭೯೦ರಲ್ಲಿ ಹೊರತಂದ ಗ್ರಂಥವೊಂದರಲ್ಲಿ ಇದರ ಮೂಲವನ್ನು ಸೂಕ್ಷ್ಮವಾಗಿ ಗುರುತಿಸಿದ್ದಾನೆ. ನಾಲಗೆಗೆ ರುಚಿಸಿದ್ದನ್ನು ಕುರಿತು ‘ಇದು ನನಗೆ ಹಿತ’ ಎಂದರೆ ಸಾಕು. ಅಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಒಂದನ್ನು ‘ಸುಂದರ’ ಎಂದು ಕರೆದಾಗ ಉಳಿದವರೂ ಅದನ್ನು ಒಪ್ಪಬೇಕೆಂದು ನಾವು ನಿರೀಕ್ಷಿಸುತ್ತೇವೆ. ಆದಕಾರಣವೇ ರೊಟ್ಟಿಯನ್ನು ಒಲ್ಲೆನೆಂದವನು ನಮ್ಮನ್ನು ನೋಯಿಸುವುದಿಲ್ಲ; ನಮ್ಮ ಹಾಡನ್ನು ಕೇಳಿ ನಕ್ಕವನು ನೋಯಿಸುತ್ತಾನೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದಿಯು ೧೯೭೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದನು. ಸಮಾಜದಲ್ಲಿ ಅಭಿರುಚಿಯೇ ಅಂತಸ್ತಿನ ಗುರುತಾಗುತ್ತದೆ. ಅದರಲ್ಲಿಯೂ ಸಂಗೀತದ ಅಭಿರುಚಿಯಷ್ಟು ಬೇಗ ಮನುಷ್ಯನ ವರ್ಗವನ್ನು ಹೊರಗೆಡಹುವುದು ಬೇರೊಂದಿಲ್ಲ. ಹಾಡಿನ ಹೆಸರು ಹೇಳಿದೊಡನೆ ನಮ್ಮ ಊರು, ಓದು, ಮನೆತನಗಳೆಲ್ಲ ತಕ್ಕಡಿಗೆ ಬೀಳುತ್ತವೆ ಎಂಬ ಭಯ ಸುಳ್ಳಲ್ಲ.

ಇಂತಹ ತಕ್ಕಡಿಯ ತೀರ್ಪು ಎಷ್ಟು ನಂಬತಕ್ಕದ್ದು ಎಂಬುದನ್ನು ನಮ್ಮ ಹುಲಗೂರು ಸೀಮೆಯೇ ಕಲಿಸಿಕೊಟ್ಟಿದೆ. ಇಲ್ಲಿನ ಖಾದರ ಶಾ ಅವರ ದರ್ಗಾವನ್ನು ಅರಿಯದವರಾರು? ಆ ಸಂತರ ಅನುಗ್ರಹದಿಂದ ಇದೇ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ ೧೮೧೯ರಲ್ಲಿ ಶರೀಫರು ಜನಿಸಿದರೆಂಬುದು ಜನರ ನಂಬಿಕೆ. ಮುಸಲ್ಮಾನ ಮನೆತನದ ಈ ಯುವಕನನ್ನು ಕಳಸದ ಗೋವಿಂದ ಭಟ್ಟರು ಶಿಷ್ಯನನ್ನಾಗಿ ಸ್ವೀಕರಿಸಿದಾಗ ಎರಡೂ ಕಡೆಯವರು ಹುಬ್ಬು ಗಂಟಿಕ್ಕಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಶರೀಫರು ಹಾಡಿದ್ದಾದರೂ ಏನನ್ನು? ಸೋರುವ ಮಾಳಿಗೆಯನ್ನು, ಬೀಳದಂತೆ ನಡೆಯಬೇಕಾದ ಮುದುಕಿಯನ್ನು, ಗಿರಣಿಯನ್ನು, ತಂಬೂರಿಯನ್ನು. ಅಡುಗೆಮನೆಯ, ಸಂತೆಬೀದಿಯ ಮಾತಿನಲ್ಲಿಯೇ ಅವರು ತತ್ವವನ್ನು ಇರಿಸಿದರು.

೧೮೮೯ರಲ್ಲಿ ಶರೀಫರು ತೀರಿಕೊಂಡ ಬಳಿಕ ಆ ಪದಗಳು ಬಾಯಿಂದ ಬಾಯಿಗೆ ದಾಟಿದವು. ಏಕತಾರಿ, ದಮ್ಮಡಿ ಹಿಡಿದ ಹಳ್ಳಿಯ ಭಜನೆಯವರು ರಾತ್ರಿಯೆಲ್ಲ ಅವುಗಳನ್ನು ಹಾಡಿದರು. ಮುಂದೆ ಸಿ. ಅಶ್ವತ್ಥ ಅವರ ಕಂಠದ ಮೂಲಕ, ಟಿ. ಎಸ್. ನಾಗಾಭರಣ ಅವರು ನಿರ್ದೇಶಿಸಿದ ೧೯೯೦ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದ ಮೂಲಕ ಅದೇ ಪದಗಳು ಪಟ್ಟಣದ ದಿವಾನಖಾನೆಗಳನ್ನು ಪ್ರವೇಶಿಸಿದವು. ಇಂದು ಅವು ತಮಗೆ ಪ್ರಿಯವೆಂದು ಹೇಳಲು ಯಾವ ವಿದ್ವಾಂಸರೂ ಹಿಂಜರಿಯುವುದಿಲ್ಲ. ಪಟ್ಟಣವು ಮೆಚ್ಚುವವರೆಗೆ ಆ ಪದಗಳನ್ನು ಉಳಿಸಿಕೊಂಡು ಬಂದವರು ಯಾರು? ‘ಇದು ನನ್ನ ಹಾಡು’ ಎಂದು ನಾಚದೆ ಹಾಡಿದ ಹೆಸರಿಲ್ಲದ ರೈತರು, ಕೂಲಿಕಾರರು. ಅವರು ಅಂಜಿ ಸುಮ್ಮನಿದ್ದಿದ್ದರೆ ಹಾಡೂ ಅವರೊಡನೆ ಮಣ್ಣಾಗುತ್ತಿತ್ತು.

ವ್ಯಕ್ತಿಗಳಷ್ಟೇ ಅಲ್ಲ, ದೊಡ್ಡ ಸಂಸ್ಥೆಗಳೂ ಅಭಿರುಚಿಯ ನ್ಯಾಯಾಧೀಶರಾಗಿ ಕುಳಿತದ್ದುಂಟು. ೧೯೫೨ರಲ್ಲಿ ಕೇಂದ್ರದ ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರ ಕಾಲದಲ್ಲಿ ಚಿತ್ರಗೀತೆಗಳು ಕೀಳು ಅಭಿರುಚಿಯವೆಂದು ಆಕಾಶವಾಣಿಯಿಂದ ದೂರವಾದವು. ಶಾಸ್ತ್ರೀಯ ಸಂಗೀತಕ್ಕೆ ದೊರೆತ ಆಶ್ರಯ ಸ್ತುತ್ಯವೇ; ಆದರೆ ಶ್ರೋತೃಗಳ ಮನಸ್ಸು ಬದಲಾಗಲಿಲ್ಲ. ಅವರು ರೇಡಿಯೋದ ಮುಳ್ಳನ್ನು ಸಿಲೋನ್ ಕಡೆಗೆ ತಿರುಗಿಸಿದರು, ಅಷ್ಟೇ. ಕೊನೆಗೆ ೧೯೫೭ರ ಅಕ್ಟೋಬರ್ ೩ರಂದು ಆಕಾಶವಾಣಿಯೇ ವಿವಿಧ ಭಾರತಿಯನ್ನು ಆರಂಭಿಸಿತು. ನಮ್ಮ ಧರ್ಮಸಭೆಯೂ ಇಂತಹ ದಾರಿಯನ್ನು ಕ್ರಮಿಸಿದೆ. ೧೯೦೩ರಲ್ಲಿ ಹತ್ತನೆಯ ಪಿಯೂಸ್ ಜಗದ್ಗುರುಗಳು ದೇವಾಲಯದಲ್ಲಿ ಪಿಯಾನೋ, ನಗಾರಿ ಮುಂತಾದವುಗಳನ್ನು ನಿಷೇಧಿಸಿದ್ದರು. ೧೯೬೩ರ ಡಿಸೆಂಬರ್ ೪ರಂದು ಹೊರಬಂದ ಎರಡನೆಯ ವ್ಯಾಟಿಕನ್ ಮಹಾಸಭೆಯ ಆರಾಧನಾ ಸಂವಿಧಾನವು ಆಯಾ ಜನಾಂಗದ ಸ್ವಂತ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದು ಸಾರಿತು. ನಾಚಿಕೆಪಡಿಸುವುದರಿಂದ ಅಭಿರುಚಿ ತಿದ್ದಿಕೊಳ್ಳುವುದಿಲ್ಲ, ಅದು ಅಡಗಿಕೊಳ್ಳುತ್ತದೆ.

ಅಡಗಿಸದೆ ಹೇಳಿಕೊಂಡವರಲ್ಲಿ ಸಂತ ಅಗಸ್ಟೀನರು ಅಗ್ರಗಣ್ಯರು. ಮಿಲಾನಿನ ದೇವಾಲಯದಲ್ಲಿ ಕೀರ್ತನೆಗಳನ್ನು ಕೇಳಿ ತಾವು ಅತ್ತದ್ದನ್ನು ಅವರು ತಮ್ಮ ‘ನಿವೇದನೆಗಳು’ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಅದೇ ಗ್ರಂಥದ ಹತ್ತನೆಯ ಭಾಗದಲ್ಲಿ, ಕೆಲವೊಮ್ಮೆ ಹಾಡಿನ ಅರ್ಥಕ್ಕಿಂತ ಅದರ ನಾದವೇ ತಮ್ಮನ್ನು ಹೆಚ್ಚು ಸೆಳೆಯುತ್ತದೆಂಬ ಅಳುಕನ್ನೂ ಬಚ್ಚಿಡದೆ ತೋಡಿಕೊಂಡಿದ್ದಾರೆ. ಎರಡು ನಿಲುವುಗಳ ನಡುವೆ ತೂಗಾಡಿದ ಬಳಿಕ ಅವರ ಮನಸ್ಸು ಹಾಡಿನ ಕಡೆಗೇ ವಾಲಿತು. ಅಂತಹ ಮೇಧಾವಿಗೇ ಅಳುಕಿದ್ದ ಮೇಲೆ ನಮ್ಮ ಅಳುಕು ಅಪಮಾನವಲ್ಲ.

‘ಹಾಗಾದರೆ ಎಲ್ಲ ಹಾಡುಗಳೂ ಸಮಾನವೇ?’ ಎಂದು ಓದುಗರು ಕೇಳಬಹುದು. ಖಂಡಿತವಾಗಿಯೂ ಅಲ್ಲ. ಹೆಣ್ಣನ್ನು ಹೀಯಾಳಿಸುವ, ಒಂದು ಜಾತಿಯನ್ನು ಜರೆಯುವ ಹಾಡನ್ನು ಪ್ರಶ್ನಿಸಲೇಬೇಕು. ಆದರೆ ಹಾಡನ್ನು ಪ್ರಶ್ನಿಸುವುದು ಬೇರೆ, ಮೆಚ್ಚಿದವರನ್ನು ಅಳೆಯುವುದು ಬೇರೆ. ‘ಛೇ, ಇದೂ ಒಂದು ಹಾಡೇ?’ ಎನ್ನುವ ಮೊದಲು, ‘ಇದನ್ನು ಎಲ್ಲಿ ಕೇಳಿದಿರಿ, ಯಾರು ಹಾಡುತ್ತಿದ್ದರು?’ ಎಂದು ಕೇಳುವುದು ಸೌಜನ್ಯ. ಅನೇಕ ವೇಳೆ ಉತ್ತರದಲ್ಲಿ ಹಾಡಿಗಿಂತ ದೊಡ್ಡದೇನೋ ಹೊರಬರುತ್ತದೆ: ತೀರಿಹೋದ ಅಣ್ಣ, ಬಿಟ್ಟುಬಂದ ಊರು, ಹೊಲದಲ್ಲಿ ಕಳೆ ತೆಗೆಯುತ್ತ ಗುನುಗುತ್ತಿದ್ದ ತಾಯಿ.

ಮೃತರ ಬಲಿಪೂಜೆಗೆ ಸಿದ್ಧತೆ ಮಾಡುವಾಗ, ‘ನಿಮ್ಮ ತಾಯಿಗೆ ಯಾವ ಹಾಡು ಇಷ್ಟವಾಗಿತ್ತು?’ ಎಂದು ಮಕ್ಕಳನ್ನು ಕೇಳುವುದುಂಟು. ಎಷ್ಟೋ ಮನೆಗಳಲ್ಲಿ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಐವತ್ತು ವರ್ಷ ಒಂದೇ ಸೂರಿನಡಿ ಬಾಳಿದ್ದರೂ ಅದೊಂದು ತಿಳಿಯದು. ತಾಯಿ ಹೇಳಲಿಲ್ಲ, ಮಕ್ಕಳು ಕೇಳಲಿಲ್ಲ. ಇತ್ತ ಮಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ತನ್ನ ಹಾಡನ್ನು ತಾನೊಬ್ಬನೇ ಕೇಳುತ್ತಾನೆ. ತಂದೆ ಏನೆಂದಾರೋ ಎಂಬ ಅಳುಕು ಅವನಿಗೂ ಇದೆ.

ಪ್ರಿಯ ಓದುಗರೇ, ಈ ವಾರ ಒಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತುಕೊಳ್ಳಿರಿ. ಒಬ್ಬೊಬ್ಬರೂ ತಮಗೆ ಪ್ರಿಯವಾದ ಒಂದೊಂದು ಹಾಡನ್ನು ಹಾಡಲಿ, ಬಾರದಿದ್ದರೆ ಕೇಳಿಸಲಿ. ನಿಯಮ ಒಂದೇ: ಹಾಡು ಮುಗಿಯುವವರೆಗೆ ಯಾರೂ ನಗಬಾರದು, ತಿದ್ದಬಾರದು. ಮೊದಲ ಸರದಿ ಮನೆಯ ಹಿರಿಯರದಾಗಲಿ. ಹಿರಿಯರು ಸಂಕೋಚ ಬಿಟ್ಟರೆ ಕಿರಿಯರು ತಾವಾಗಿಯೇ ಬಾಯಿ ತೆರೆದಾರು.