ಪೆಟ್ಟಿಗೆಯ ಮೇಲಿನ ಎರಡು ಅಂಕಿಗಳು

ಮೊಬೈಲ್ ಫೋನು, ಬೀದಿದೀಪ, ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆ ಮುಂತಾದ ಸಾಧನಗಳಿಗೆ ಕೊಡುವ ಐಪಿ 54, ಐಪಿ 65, ಐಪಿ 68 ಎಂಬ ಗುರುತುಗಳು, ಒಳಗಿನ ವಿದ್ಯುತ್ ಭಾಗಗಳಿಗೆ ಧೂಳು, ನೀರು ಮತ್ತು ಮನುಷ್ಯನ ಬೆರಳು ತಗಲದಂತೆ ಹೊರಕವಚವು ಎಷ್ಟರಮಟ್ಟಿಗೆ ತಡೆಯಬಲ್ಲದು ಎಂಬುದನ್ನು ತಿಳಿಸುತ್ತವೆ. ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ, ಅಂದರೆ ಐಇಸಿ, ರೂಪಿಸಿದ 60529 ಸಂಖ್ಯೆಯ ಮಾನಕವು ಇವುಗಳಿಗೆ ಆಧಾರವಾಗಿದ್ದು, ಭಾರತವೂ ಅದನ್ನೇ ತನ್ನ ಮಾನಕವಾಗಿ ಅಂಗೀಕರಿಸಿದೆ. ಪರೀಕ್ಷೆಯಲ್ಲಿ ಬಂದ ಅಂಕಗಳಂತೆ, ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಇವನ್ನು ಓದುವ ರೂಢಿಯು ಹಲವು ತಪ್ಪು ಆಯ್ಕೆಗಳಿಗೆ ಕಾರಣವಾಗಿದೆ.

ಸೊನ್ನೆಯಿಂದ 6ರವರೆಗಿನ ಮೊದಲ ಅಂಕಿ ಘನವಸ್ತುಗಳಿಗೆ ಸಂಬಂಧಿಸಿದ್ದು; 2 ಎಂದರೆ ಬೆರಳು ಅಪಾಯದ ಭಾಗವನ್ನು ಮುಟ್ಟಲಾರದು, 4 ಎಂದರೆ ಒಂದು ಮಿಲಿಮೀಟರ್ ದಪ್ಪದ ತಂತಿಯೂ ಒಳಹೋಗದು. 5 ಮತ್ತು 6ಕ್ಕೆ ನುಣುಪಾದ ಟಾಲ್ಕ್ ಪುಡಿಯನ್ನು ಎಬ್ಬಿಸಿದ ಕೋಣೆಯಲ್ಲಿ ಪೆಟ್ಟಿಗೆಯನ್ನಿಟ್ಟು ಪರೀಕ್ಷಿಸುತ್ತಾರೆ; 5ರಲ್ಲಿ ಕೆಲಸಕ್ಕೆ ಅಡ್ಡಿಯಾಗದಷ್ಟು ಧೂಳು ಒಳಸೇರಬಹುದು, 6ರಲ್ಲಿ ಕಿಂಚಿತ್ತೂ ಸೇರಬಾರದು.

ನೀರಿಗೆ ಸಂಬಂಧಿಸಿದ ಎರಡನೆಯ ಅಂಕಿಯಲ್ಲಿಯೇ ಹೆಚ್ಚಿನ ಗೊಂದಲವಿದೆ. ಮೇಲಿನಿಂದ ತೊಟ್ಟಿಕ್ಕುವ ಹನಿಯಿಂದ ಆರಂಭವಾಗುವ ಈ ಶ್ರೇಣಿಯಲ್ಲಿ 5 ಎಂಬುದು ನಿಮಿಷಕ್ಕೆ 12.5 ಲೀಟರಿನ, 6 ಎಂಬುದು ನಿಮಿಷಕ್ಕೆ 100 ಲೀಟರಿನ ನೀರಿನ ಧಾರೆಯನ್ನು ಸೂಚಿಸಿದರೆ, 7 ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷದ ಮುಳುಗಡೆಯನ್ನೂ, 8 ಅದಕ್ಕಿಂತ ಕಠಿಣವಾದ, ತಯಾರಕರು ನಮೂದಿಸಬೇಕಾದ ಆಳ ಮತ್ತು ಅವಧಿಯ ಮುಳುಗಡೆಯನ್ನೂ ಸೂಚಿಸುತ್ತವೆ. ಆದರೆ 7 ಅಥವಾ 8ನ್ನು ಗೆದ್ದ ಪೆಟ್ಟಿಗೆಯು 5 ಮತ್ತು 6ನ್ನು ತಾನಾಗಿಯೇ ಗೆದ್ದಂತಲ್ಲ. ನಿಂತ ನೀರು ಎಲ್ಲ ಕಡೆಯಿಂದಲೂ ಒತ್ತುತ್ತದೆ, ಧಾರೆಯಾದರೋ ಒಂದೇ ಸಂದಿಗೆ ರಭಸದಿಂದ ಬಡಿಯುತ್ತದೆ. ಎರಡನ್ನೂ ತಾಳಬಲ್ಲ ಸಾಧನದ ಮೇಲೆ ಐಪಿ 66/68 ಎಂದು ಜೋಡಿಯಾಗಿ ಬರೆದಿರುವುದು ಇದೇ ಕಾರಣಕ್ಕೆ. ಅಂಕಿಯ ಜಾಗದಲ್ಲಿ ಎಕ್ಸ್ ಅಕ್ಷರವಿದ್ದರೆ ಆ ರಕ್ಷಣೆಯ ಮಟ್ಟವನ್ನು ಅಲ್ಲಿ ಹೇಳಿಲ್ಲವೆಂದಷ್ಟೇ ತಿಳಿಯಬೇಕು, ರಕ್ಷಣೆ ಸೊನ್ನೆ ಎಂದಲ್ಲ.

ಈ ಪರೀಕ್ಷೆಗಳನ್ನು ಶುದ್ಧ ನೀರಿನಲ್ಲಿ, ಹೊಸ ಮಾದರಿಯ ಮೇಲೆ ನಡೆಸಲಾಗುತ್ತದೆ ಎಂಬುದು ಬಳಸುವವರು ಮರೆಯಬಾರದ ಸಂಗತಿ. ಸಾಬೂನು ನೀರಿಗಾಗಲಿ, ಕರಾವಳಿಯ ಉಪ್ಪುಗಾಳಿ ತರುವ ತುಕ್ಕಿಗಾಗಲಿ ಐಪಿ ಅಂಕಿಯು ಹೊಣೆಯಾಗದು. ಬಿಸಿಲಿಗೆ ಗಡುಸಾದ ರಬ್ಬರ್ ಗ್ಯಾಸ್ಕೆಟ್, ಅಂದರೆ ಮುಚ್ಚಳದ ಸಂದಿಯನ್ನು ಬಿಗಿಗೊಳಿಸುವ ಪಟ್ಟಿ, ಕೆಲವು ವರ್ಷಗಳಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತೊಂದರೆಯೊಂದಿದೆ: ಬಿಸಿಲಿನಲ್ಲಿ ಕಾದ ಪೆಟ್ಟಿಗೆಯೊಳಗಿನ ಗಾಳಿ ಹಿಗ್ಗಿ ಸಂದಿಗಳಿಂದ ಹೊರಹೋಗುತ್ತದೆ, ಮಳೆ ಸುರಿದು ಪೆಟ್ಟಿಗೆ ಥಟ್ಟನೆ ತಣಿದಾಗ ಒಳಗಿನ ಒತ್ತಡ ಕುಸಿದು, ಅದೇ ಸಂದಿಗಳಿಂದ ತೇವದ ಗಾಳಿಯನ್ನು, ಕೆಲವೊಮ್ಮೆ ನೀರನ್ನೇ, ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಹೊರಾಂಗಣದ ಒಳ್ಳೆಯ ಪೆಟ್ಟಿಗೆಗಳಲ್ಲಿ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯುಳ್ಳ ಸಣ್ಣ ಕಿಂಡಿಯನ್ನು ಅಳವಡಿಸಿರುತ್ತಾರೆ.

ಐಪಿ 65 ಪೆಟ್ಟಿಗೆಯನ್ನೇ ಕೊಂಡರೂ, ಅದರ ನೆತ್ತಿಯಲ್ಲಿ ತೂತು ಕೊರೆದು ವೈರನ್ನು ಹಾಗೆಯೇ ಇಳಿಬಿಟ್ಟರೆ ಆ ಗುರುತು ಅಲ್ಲಿಗೇ ಮುಗಿಯಿತು. ಕೇಬಲ್ ಪೆಟ್ಟಿಗೆಯ ತಳದಿಂದ, ಕೇಬಲನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ, ಅದೇ ದರ್ಜೆಯ ಗ್ಲ್ಯಾಂಡ್ ಎಂಬ ಜೋಡಣೆಯ ಮೂಲಕ ಒಳಬರಬೇಕು, ಅದಕ್ಕೂ ಮುನ್ನ ಒಂದಿಷ್ಟು ಕೆಳಕ್ಕೆ ಬಾಗಿರಬೇಕು. ಹಾಗಿದ್ದಾಗ ಕೇಬಲಿನ ಗುಂಟ ಹರಿದು ಬಂದ ಮಳೆನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ.